ತನ್ನ ಉದ್ದವನ್ನು ತಾನೇ ಹೇಳುವ ಸಾಲು

ಬ್ಯಾಂಕಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಅರ್ಜಿ ತುಂಬಿದವರಿಗೆಲ್ಲ ಆ ಸಾಲುಸಾಲು ಚೌಕಗಳು ಗೊತ್ತು. ಒಂದು ಚೌಕಕ್ಕೆ ಒಂದೇ ಅಕ್ಷರ. ಹೆಸರು ಚಿಕ್ಕದಾದರೆ ಅರ್ಧಕ್ಕರ್ಧ ಚೌಕಗಳು ಖಾಲಿ ಉಳಿಯುತ್ತವೆ. ಊರು, ಮನೆತನ, ಅಪ್ಪನ ಹೆಸರು ಎಲ್ಲವನ್ನೂ ಹೊತ್ತ ಉದ್ದ ಹೆಸರಿನವರಿಗೆ ಚೌಕಗಳು ಮುಗಿದರೂ ಹೆಸರು ಮುಗಿದಿರುವುದಿಲ್ಲ. ಆಗ ಕೊನೆಯದನ್ನು ಕತ್ತರಿಸಬೇಕು, ಇಲ್ಲವೇ ಮೊದಲಿನದನ್ನು ಇನಿಷಿಯಲ್ಲಿಗೆ ಇಳಿಸಬೇಕು. ಎಲ್ಲರಿಗೂ ಒಂದೇ ಅಳತೆಯ ಜಾಗ ಕೊಟ್ಟರೆ ಅದು ಬಹುಪಾಲು ಜನರಿಗೆ ಹೆಚ್ಚಾಗುತ್ತದೆ, ಕೆಲವರಿಗೆ ಸಾಲದೆ ಹೋಗುತ್ತದೆ.

ಚೌಕಗಳ ಈ ಲೆಕ್ಕ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಅದಕ್ಕಿಂತ ಅರ್ಧ ಶತಮಾನದಷ್ಟು ಹಿರಿಯದು. ಕಂಪ್ಯೂಟರು ಅದನ್ನು ಪಿತ್ರಾರ್ಜಿತವಾಗಿ ಪಡೆಯಿತು, ಬಹುಕಾಲ ಅದಕ್ಕೆ ಅಂಟಿಕೊಂಡಿತ್ತು, ನಿಧಾನವಾಗಿ ಬೇರೊಂದು ದಾರಿ ಹುಡುಕಿಕೊಂಡಿತು. ಪ್ರತಿ ದಾಖಲೆಯೂ ತಾನು ಎಷ್ಟು ಉದ್ದ ಎಂಬುದನ್ನು ತಾನೇ ಹೇಳಿಕೊಳ್ಳುವ ದಾರಿ ಅದು. ಬ್ಯಾಂಕು, ವಿಮೆ, ವಿಮಾನಯಾನ ಸಂಸ್ಥೆಗಳ ಮೇನ್‌ಫ್ರೇಮ್‌ಗಳಲ್ಲಿ ಇಂದಿಗೂ ರಾತ್ರಿ ಹೊತ್ತು ಅಂಥ ದಾಖಲೆಗಳು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತಿರುತ್ತವೆ. ಆ ಕೆಲಸ ಮಾಡುವುದು ಸಾರ್ಟ್ ಎಂದು ಕರೆಯುವ, ವಿಂಗಡಿಸುವುದಕ್ಕೆಂದೇ ಹುಟ್ಟಿದ ಒಂದು ಹಳೆಯ ಪ್ರೋಗ್ರಾಮು. ಸಾಹಿತ್ಯದ ಓದುಗರಿಗೆ ಇದು ದೂರದ ಸಂಗತಿ ಅನ್ನಿಸಬಹುದು. ಆದರೆ ಬರೆದಿಟ್ಟದ್ದನ್ನು ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಇಳಿಸುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ಓಲೆಗರಿಯ ಪ್ರತಿಗಳ ಮುಂದೆ ಕೂತ ಗ್ರಂಥಸಂಪಾದಕನ ಪ್ರಶ್ನೆಯೂ ಹೌದು.

ಅಮೆರಿಕದ 1880ರ ಜನಗಣತಿಯಲ್ಲಿ ಸುಮಾರು 5 ಕೋಟಿ ಜನರ ವಿವರ ಸಂಗ್ರಹವಾಯಿತು. ಅದನ್ನು ಕೈಯಿಂದ ಎಣಿಸಿ ಪಟ್ಟಿ ಮಾಡುವ ಕೆಲಸ ಆ ದಶಕದ ಬಹುಭಾಗವನ್ನೇ ತಿಂದುಹಾಕಿತು. ಮುಂದಿನ ಗಣತಿ ಬರುವ ಹೊತ್ತಿಗೂ ಹಿಂದಿನದರ ಲೆಕ್ಕ ಮುಗಿಯದಂತಾಗುತ್ತದೋ ಎಂಬ ಭಯ ಹುಟ್ಟಿದ್ದು ಆಗ. ಆ ಗಣತಿಯಲ್ಲಿ ಕೆಲಸ ಮಾಡಿದ್ದ ಹರ್ಮನ್ ಹಾಲೆರಿತ್ ಎಂಬ ಯುವಕ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯ ಹುಡುಕತೊಡಗಿದ. ರೈಲಿನಲ್ಲಿ ಕಂಡ ಒಂದು ಪದ್ಧತಿ ತನಗೆ ದಾರಿ ತೋರಿಸಿತೆಂದು ಅವನು ಮುಂದೆ ನೆನಪಿಸಿಕೊಂಡಿದ್ದಾನೆ. ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ಬಳಸದಿರಲೆಂದು ಕಂಡಕ್ಟರು ಪ್ರಯಾಣಿಕನ ಚಹರೆಯನ್ನು ಟಿಕೆಟ್ಟಿನ ಅಂಚಿನಲ್ಲಿ ತೂತು ಹೊಡೆದು ಗುರುತಿಸುತ್ತಿದ್ದ. ಕೂದಲಿನ ಬಣ್ಣಕ್ಕೆ ಒಂದು ಜಾಗ, ಕಣ್ಣಿನ ಬಣ್ಣಕ್ಕೆ ಇನ್ನೊಂದು, ಮೂಗಿನ ಗಾತ್ರಕ್ಕೆ ಮತ್ತೊಂದು. ಮನುಷ್ಯನ ಚಿತ್ರವನ್ನು ತೂತುಗಳಲ್ಲಿ ಬರೆಯುವ ಈ ಕ್ರಮವೇ 1890ರ ಜನಗಣತಿಯಲ್ಲಿ ಆರು ಕೋಟಿಗೂ ಹೆಚ್ಚು ಜನರಿಗೆ, ತಲೆಗೊಂದು ಕಾರ್ಡಿನಂತೆ, ಅನ್ವಯವಾಯಿತು.

ಹಾಲೆರಿತ್ 1896ರಲ್ಲಿ ಕಟ್ಟಿದ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಂದಿಗೆ ಸೇರಿಕೊಂಡಿತು. ಹಾಗೆ ಆದ ಸಂಸ್ಥೆಗೆ 1924ರಲ್ಲಿ ಐಬಿಎಮ್ ಎಂಬ ಹೆಸರು ಬಂತು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಕಾರ್ಡಿನಲ್ಲಿ ದುಂಡನೆಯ ತೂತುಗಳ 45 ಕಾಲಮ್‌ಗಳಿದ್ದವು. ಐಬಿಎಮ್ 1928ರಲ್ಲಿ ತೂತುಗಳನ್ನು ಸಣ್ಣ ಆಯತಗಳಾಗಿಸಿ ಅದೇ ಅಳತೆಯ ಕಾರ್ಡಿನಲ್ಲಿ 80 ಕಾಲಮ್‌ಗಳನ್ನು ಹಿಡಿಸಿತು. ಒಂದು ಕಾಲಮ್ಮಿಗೆ ಒಂದು ಅಕ್ಷರ ಅಥವಾ ಒಂದು ಅಂಕಿ. ಒಬ್ಬ ಗಿರಾಕಿಯ ಬಗ್ಗೆ, ಒಬ್ಬ ನೌಕರನ ಬಗ್ಗೆ, ಒಂದು ಸರಕಿನ ಬಗ್ಗೆ ಹೇಳಬೇಕಾದದ್ದನ್ನೆಲ್ಲ 80 ಅಕ್ಷರಗಳ ಒಳಗೆ ಹೇಳಬೇಕು. ಮೊದಲ 20 ಕಾಲಮ್ ಹೆಸರಿಗೆ ಎಂದು ಗೊತ್ತುಮಾಡಿದರೆ 21ನೆಯ ಅಕ್ಷರಕ್ಕೆ ಜಾಗವಿಲ್ಲ. ಇಸವಿಗೆ ನಾಲ್ಕು ಕಾಲಮ್ ಕೊಡುವುದು ದುಂದುಗಾರಿಕೆ, ಎರಡು ಸಾಕು. ಈ ಎರಡು ಕಾಲಮ್‌ಗಳ ಉಳಿತಾಯಕ್ಕೆ ಜಗತ್ತು ಎಷ್ಟು ಬೆಲೆ ತೆತ್ತಿತೆಂಬುದನ್ನು ಮುಂದೆ ನೋಡೋಣ.

ಕಾರ್ಡುಗಳು ಬಂದ ಮೇಲೆ ಅವುಗಳನ್ನು ವಿಂಗಡಿಸುವ ಯಂತ್ರವೂ ಬಂತು. ಅದರ ಕ್ರಮ ಸ್ವಾರಸ್ಯದ್ದು. ಯಂತ್ರ ಒಂದು ಸಲಕ್ಕೆ ಒಂದೇ ಕಾಲಮ್ ನೋಡಬಲ್ಲದು. ಆರಂಕಿಯ ಸಂಖ್ಯೆಯ ಪ್ರಕಾರ ಕಾರ್ಡುಗಳನ್ನು ಜೋಡಿಸಬೇಕೆಂದರೆ ಕಂತೆಯನ್ನು ಆರು ಸಲ ಯಂತ್ರಕ್ಕೆ ಹಾಕಬೇಕು. ಎಡಗಡೆಯ ದೊಡ್ಡ ಸ್ಥಾನದಿಂದ ಶುರುಮಾಡಬೇಕೆಂದು ಮನಸ್ಸಿಗೆ ತೋಚುತ್ತದೆ. ಆದರೆ ಕಾರ್ಡಿನವರು ಶುರುಮಾಡುತ್ತಿದ್ದುದು ಬಲಗಡೆಯ ಬಿಡಿ ಸ್ಥಾನದಿಂದ. ಬಿಡಿ, ಹತ್ತು, ನೂರು ಹೀಗೆ ಎಡಕ್ಕೆ ಸರಿಯುತ್ತಾ ಹೋದರೆ ಕೊನೆಯ ಸಲ ಕಂತೆ ಹೊರಬಂದಾಗ ಎಲ್ಲವೂ ಸರಿಯಾದ ಕ್ರಮದಲ್ಲಿರುತ್ತದೆ. ಅಕ್ಷರಗಳಾದರೆ ಕಷ್ಟ ಇಮ್ಮಡಿ. ಒಂದು ಅಕ್ಷರಕ್ಕೆ ಎರಡು ತೂತು ಇರುತ್ತಿದ್ದುದರಿಂದ ಪ್ರತಿ ಕಾಲಮ್ಮಿಗೂ ಎರಡು ಸಲ ಓಡಿಸಬೇಕಿತ್ತು. ಹೆಸರು ಉದ್ದವಾದಷ್ಟೂ ಯಂತ್ರದ ಮುಂದೆ ನಿಂತವನ ದಿನವೂ ಉದ್ದವಾಗುತ್ತಿತ್ತು. ಆದ್ದರಿಂದ ಹೆಸರುಗಳನ್ನು ಮೊಟಕು ಮಾಡುವ ಆಸೆ ಜಾಗದ ಲೆಕ್ಕದಿಂದ ಮಾತ್ರವಲ್ಲ, ಸಮಯದ ಲೆಕ್ಕದಿಂದಲೂ ಹುಟ್ಟಿತು.

* * *

ಎಲೆಕ್ಟ್ರಾನಿಕ್ ಕಂಪ್ಯೂಟರು ಇನ್ನೂ ಕಾಗದದ ಮೇಲಿದ್ದಾಗಲೇ ಅದಕ್ಕೆ ವಿಂಗಡಿಸುವ ಕೆಲಸ ಬಂತು. ಜಾನ್ ಫಾನ್ ನಾಯ್ಮನ್ 1945ರಲ್ಲಿ ಎಡ್ವ್ಯಾಕ್ ಎಂಬ ಯಂತ್ರದ ವಿನ್ಯಾಸ ಮಾಡುತ್ತಿದ್ದಾಗ ಅದು ನಿಜಕ್ಕೂ ಬಹುಬಗೆಯ ಕೆಲಸಕ್ಕೆ ಒದಗುತ್ತದೆಯೇ ಎಂದು ಪರೀಕ್ಷಿಸಲು ಒಂದು ಪ್ರೋಗ್ರಾಮ್ ಬರೆದು ನೋಡಿದ. ಅದು ಗಣಿತದ ಸಮೀಕರಣ ಬಿಡಿಸುವ ಪ್ರೋಗ್ರಾಮಾಗಿರಲಿಲ್ಲ. ಈಗಾಗಲೇ ಕ್ರಮದಲ್ಲಿರುವ ಎರಡು ಪಟ್ಟಿಗಳನ್ನು ಒಂದರೊಳಗೊಂದು ಹೆಣೆದು ದೊಡ್ಡ ಪಟ್ಟಿ ಮಾಡುತ್ತಾ ವಿಂಗಡಿಸುವ ಪ್ರೋಗ್ರಾಮಾಗಿತ್ತು. ಲೆಕ್ಕ ಮಾಡುವ ಯಂತ್ರಕ್ಕೆ ಗುಮಾಸ್ತನ ಕೆಲಸವೂ ಬರುತ್ತದೆಂದು ತೋರಿಸಿದರೆ ಅದರ ಸಾಮರ್ಥ್ಯ ಸಾಬೀತಾದಂತೆ ಎಂಬುದು ಅವನ ಎಣಿಕೆ.

ಅದನ್ನು ನಿಜವಾದ ಕಚೇರಿಯ ಕೆಲಸವಾಗಿಸಿದವರು ಬೆಟ್ಟಿ ಹೋಲ್ಬರ್ಟನ್. ಎನಿಯಾಕ್ ಕಂಪ್ಯೂಟರಿಗೆ ಮೊದಲು ಪ್ರೋಗ್ರಾಮ್ ಮಾಡಿದ ಆರು ಮಂದಿ ಹೆಂಗಸರಲ್ಲಿ ಅವರೂ ಒಬ್ಬರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ತರಗತಿಯ ಮೊದಲ ದಿನವೇ ಪ್ರಾಧ್ಯಾಪಕರೊಬ್ಬರು, ಮನೆಯಲ್ಲಿ ಮಕ್ಕಳನ್ನು ಬೆಳೆಸಬಾರದೇ ಎಂದು ಕೇಳಿದ್ದರಿಂದ ಅವರು ಪತ್ರಿಕೋದ್ಯಮ ಓದಿದ್ದರು. ಯೂನಿವ್ಯಾಕ್ ಕಂಪ್ಯೂಟರಿಗಾಗಿ ಅವರು 1951ರಲ್ಲಿ ರೂಪಿಸಿದ ಸಾರ್ಟ್ ಮರ್ಜ್ ಜನರೇಟರ್ ತಾನೇ ವಿಂಗಡಿಸುತ್ತಿರಲಿಲ್ಲ. ದಾಖಲೆ ಎಷ್ಟು ಉದ್ದ, ಯಾವ ಜಾಗದಲ್ಲಿರುವ ಅಂಶದ ಮೇಲೆ ವಿಂಗಡಿಸಬೇಕು ಎಂಬ ವಿವರ ಕೊಟ್ಟರೆ ಆ ಫೈಲಿಗೆ ತಕ್ಕ ವಿಂಗಡಣೆಯ ಪ್ರೋಗ್ರಾಮನ್ನು ಅದು ಬರೆದುಕೊಡುತ್ತಿತ್ತು. ಇಸ್ಪೀಟ್ ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವರು ಆ ತರ್ಕವನ್ನು ಕಟ್ಟಿದರು. ಪ್ರೋಗ್ರಾಮೊಂದು ಇನ್ನೊಂದು ಪ್ರೋಗ್ರಾಮನ್ನು ಬರೆಯಬಹುದೆಂದು ತೋರಿಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು. ಕಂಪೈಲರ್‌ಗಳ ಆದ್ಯರಲ್ಲಿ ಒಬ್ಬರಾದ ಗ್ರೇಸ್ ಹಾಪರ್ ತಮಗೆ ಇದರಿಂದ ಸ್ಫೂರ್ತಿ ಸಿಕ್ಕಿತೆಂದು ಒಪ್ಪಿಕೊಂಡಿದ್ದಾರೆ.

ಹೋಲ್ಬರ್ಟನ್ನರ ಕಾಲಕ್ಕೆ ದಾಖಲೆಗಳು ಕಾರ್ಡಿನಿಂದ ಟೇಪಿಗೆ ದಾಟುತ್ತಿದ್ದವು. ಟೇಪು ಉದ್ದನೆಯ ರಿಬ್ಬನ್ನು. ಅದರಲ್ಲಿ ಕಾರ್ಡಿನ ಅಂಚು ಇಲ್ಲ, 80 ಎಂಬ ಗಡಿಯೂ ಇಲ್ಲ. ಆದರೂ ಜನ ಮಾಡಿದ್ದು ಕಾರ್ಡುಗಳ ಪಡಿಯಚ್ಚನ್ನು ಟೇಪಿಗೆ ಇಳಿಸುವ ಕೆಲಸವನ್ನೇ. ಖಾಲಿ ಕಾಲಮ್‌ಗಳೂ ಖಾಲಿಯಾಗಿಯೇ ಟೇಪಿಗೆ ಹೋದವು. ಟೇಪಿನಲ್ಲಿ ಇನ್ನೊಂದು ತೊಡಕೂ ಇತ್ತು. ಯಂತ್ರ ನಿಲ್ಲಲು, ಮತ್ತೆ ವೇಗ ಹಿಡಿಯಲು ಅನುವಾಗುವಂತೆ ದಾಖಲೆಗಳ ನಡುವೆ ಬರಿದಾದ ಜಾಗ ಬಿಡಬೇಕಿತ್ತು. ಅಂಗುಲಕ್ಕೆ 800 ಅಕ್ಷರ ಹಿಡಿಯುವ ಟೇಪಿನಲ್ಲಿ 80 ಅಕ್ಷರದ ಒಂದು ದಾಖಲೆಗೆ ಬೇಕಾದದ್ದು ಅಂಗುಲದ ಹತ್ತನೆಯ ಒಂದು ಭಾಗ. ಅದರ ಪಕ್ಕದ ಬರಿ ಜಾಗ 0.6 ಅಂಗುಲ. ಅಂದರೆ ಮಾತಿಗಿಂತ ಮೌನವೇ ಆರು ಪಾಲು ಹೆಚ್ಚು. ಅದಕ್ಕಾಗಿ ಹಲವು ದಾಖಲೆಗಳನ್ನು ಒಟ್ಟು ಕಟ್ಟಿ ಒಂದು ಬ್ಲಾಕ್ ಎಂದು ಬರೆಯುವ ಪದ್ಧತಿ ಬಂತು. ಎಲ್ಲ ದಾಖಲೆಗಳೂ ಒಂದೇ ಅಳತೆಯವಾದರೆ ಕಂತೆ ಬಿಚ್ಚುವುದು ಸುಲಭ: 80 ಎಣಿಸು, ಕತ್ತರಿಸು, ಮತ್ತೆ 80 ಎಣಿಸು, ಕತ್ತರಿಸು. ಅಳತೆಗಳು ಬೇರೆಬೇರೆಯಾದರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುವುದು ಹೇಗೆ?

ಈ ಪ್ರಶ್ನೆ ನಮಗೆ ಹೊಸದಲ್ಲ. ಹಳಗನ್ನಡದ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಎಲ್ಲಿ ಪದ ಒಡೆಯಬೇಕೆಂಬುದು ಓದುವವನ ಭಾಷಾಜ್ಞಾನಕ್ಕೆ ಬಿಟ್ಟದ್ದು. ಯಂತ್ರಕ್ಕೆ ಅಂಥ ಜ್ಞಾನವಿಲ್ಲ. ಅದಕ್ಕೆ ಗಡಿಯನ್ನು ಯಾರಾದರೂ ಹೇಳಿಕೊಡಬೇಕು, ಹೇಳಿಕೊಡುವ ಕ್ರಮಗಳು ಮುಖ್ಯವಾಗಿ ಮೂರು. ಮೊದಲನೆಯದು ಷಟ್ಪದಿಯ ಹಾಗೆ: ಎಷ್ಟು ಸಾಲು, ಯಾವ ಸಾಲಿಗೆ ಎಷ್ಟು ಮಾತ್ರೆ ಎಂಬುದು ಬರೆಯುವ ಮುಂಚೆಯೇ ಗೊತ್ತು. ಎರಡನೆಯದು ವಚನದ ಹಾಗೆ: ಎಷ್ಟಾದರೂ ಉದ್ದವಿರಲಿ, ಅಂಕಿತ ಬಂದಾಗ ಮುಗಿಯಿತೆಂದು ತಿಳಿಯಬೇಕು. ಇಂದು ನಮ್ಮ ಕಂಪ್ಯೂಟರುಗಳಲ್ಲಿ ಸಾಲಿನ ಕೊನೆಗೆ ಒಂದು ಗುಪ್ತ ಚಿಹ್ನೆ ಇಡುವುದು ಈ ಕ್ರಮದಲ್ಲೇ. ಮೂರನೆಯದು, ವೇದಿಕೆ ಹತ್ತಿದ ಕೂಡಲೇ ‘ನಾನು ಐದು ನಿಮಿಷ ಮಾತಾಡುತ್ತೇನೆ’ ಎಂದು ಹೇಳಿ ಐದೇ ನಿಮಿಷಕ್ಕೆ ಕೂತುಬಿಡುವ, ನಮ್ಮಲ್ಲಿ ಅಪರೂಪವಾದ ಭಾಷಣಕಾರನ ಹಾಗೆ. ಉದ್ದವನ್ನು ಮೊದಲೇ ಸಾರಿ ಆಮೇಲೆ ಮಾತು.

* * *

ಐಬಿಎಮ್ ತನ್ನ ಸಿಸ್ಟಮ್ 360 ಕಂಪ್ಯೂಟರುಗಳನ್ನು 1964ರ ಏಪ್ರಿಲ್ 7ರಂದು ಪ್ರಕಟಿಸಿತು. ಅದರ ಆಪರೇಟಿಂಗ್ ಸಿಸ್ಟಮ್ ಆರಿಸಿಕೊಂಡದ್ದು ಮೊದಲನೆಯ ಮತ್ತು ಮೂರನೆಯ ಕ್ರಮಗಳನ್ನು. ನಿಗದಿತ ಉದ್ದದ ದಾಖಲೆಗಳಿಗೆ ಎಫ್ ಎಂದೂ, ಉದ್ದ ಬದಲಾಗುವ ದಾಖಲೆಗಳಿಗೆ ವಿ ಎಂದೂ ಗುರುತು. ವಿ ಜಾತಿಯ ಪ್ರತಿ ದಾಖಲೆಯ ಮೊದಲ ನಾಲ್ಕು ಬೈಟ್‌ಗಳು ಅದರ ಹಣೆಬರಹ. ಅವುಗಳಲ್ಲಿ ಮೊದಲ ಎರಡರಲ್ಲಿ ಆ ನಾಲ್ಕನ್ನೂ ಸೇರಿಸಿ ದಾಖಲೆ ಒಟ್ಟು ಎಷ್ಟು ಬೈಟ್ ಉದ್ದ ಎಂಬ ಸಂಖ್ಯೆ. ಉಳಿದೆರಡು ಸಾಮಾನ್ಯವಾಗಿ ಸೊನ್ನೆ. ಇದನ್ನು ರೆಕಾರ್ಡ್ ಡಿಸ್ಕ್ರಿಪ್ಟರ್ ವರ್ಡ್, ಚಿಕ್ಕದಾಗಿ ಆರ್‌ಡಿಡಬ್ಲ್ಯು, ಎನ್ನುತ್ತಾರೆ. ದಾಖಲೆಗಳನ್ನು ಕಟ್ಟಿದ ಬ್ಲಾಕಿಗೂ ಅಂಥದೇ ನಾಲ್ಕು ಬೈಟ್‌ಗಳ ತಲೆಬರಹ ಇರುತ್ತದೆ. ಒಂದು ದಾಖಲೆ ಹೀಗೆ 32,756 ಬೈಟ್‌ಗಳವರೆಗೆ ಬೆಳೆಯಬಹುದು. 80ರ ಬೇಲಿ ಕಿತ್ತುಬಿತ್ತು.

ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಾಕ್‌ಸ್ವಾತಂತ್ರ್ಯ ಚಳವಳಿ ಎದ್ದಿತು. ವಿದ್ಯಾರ್ಥಿಗಳ ನೋಂದಣಿಯೆಲ್ಲ ತೂತಿನ ಕಾರ್ಡುಗಳಲ್ಲೇ ನಡೆಯುತ್ತಿತ್ತು. ಆ ಕಾಲದ ಕಾರ್ಡುಗಳ ಮೇಲೆ ಮಡಿಸಬೇಡಿ, ಚುಚ್ಚಬೇಡಿ, ಹಾಳುಮಾಡಬೇಡಿ ಎಂಬ ಅರ್ಥದ ಎಚ್ಚರಿಕೆ ಅಚ್ಚಾಗಿರುತ್ತಿತ್ತು. ವಿದ್ಯಾರ್ಥಿಗಳು ಕಾರ್ಡನ್ನು ಎದೆಗೆ ತೂಗುಹಾಕಿಕೊಂಡು ಆ ಮಾತನ್ನು ತಮಗೇ ಅನ್ವಯಿಸಿಕೊಂಡರು: ನಮ್ಮನ್ನೂ ಮಡಿಸಬೇಡಿ, ಚುಚ್ಚಬೇಡಿ. ಸಿಸ್ಟಮ್ 360 ರೂಪಿಸಿದವರಿಗೂ ಈ ವಿದ್ಯಾರ್ಥಿಗಳಿಗೂ ಸಂಬಂಧವೇನಿಲ್ಲ. ಆದರೆ ಕಾರ್ಡಿನ ಅಳತೆ ಮನುಷ್ಯನಿಗೆ ಸಾಲದು ಎಂಬುದು ಒಂದೇ ವರ್ಷದಲ್ಲಿ ಎಂಜಿನಿಯರುಗಳ ಕೋಣೆಯಲ್ಲೂ ಬೀದಿಯಲ್ಲೂ, ಬೇರೆಬೇರೆ ಭಾಷೆಗಳಲ್ಲಿ, ಕೇಳಿಬಂತು.

ಪುಸ್ತಕಪ್ರಿಯರಿಗೆ ಹತ್ತಿರದ ಉದಾಹರಣೆಯೊಂದು ಅದೇ ದಶಕದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬ ಪ್ರೋಗ್ರಾಮರ್ ಗ್ರಂಥಸೂಚಿಯನ್ನು ಕಂಪ್ಯೂಟರಿಗೆ ತರಲು ಹೊರಟರು. ಒಂದು ಪುಸ್ತಕಕ್ಕೆ ಒಬ್ಬ ಲೇಖಕ, ಇನ್ನೊಂದಕ್ಕೆ ಐವರು. ಒಂದರ ಹೆಸರು ‘ಚೋಮನ ದುಡಿ’ಯಷ್ಟು ಚಿಕ್ಕದು, ಇನ್ನೊಂದರದು ಮೂರು ಸಾಲಿನದು. ಗ್ರಂಥಪಾಲಕನಿಗೆ ಶೀರ್ಷಿಕೆಯನ್ನು ಕತ್ತರಿಸುವ ಹಕ್ಕಿಲ್ಲ. ಆವ್ರಮ್ ರೂಪಿಸಿದ ಮಾರ್ಕ್ ಎಂಬ ವಿನ್ಯಾಸದಲ್ಲಿ ಪ್ರತಿ ದಾಖಲೆಯ ಮೊದಲ ಐದು ಅಂಕಿಗಳು ಅದರ ಒಟ್ಟು ಉದ್ದವನ್ನು ಹೇಳುತ್ತವೆ. ಆಮೇಲೆ ಬರುವ ಒಂದು ಸಣ್ಣ ಸೂಚಿಯಲ್ಲಿ ಯಾವ ಅಂಶ ಎಲ್ಲಿಂದ ಶುರು, ಎಷ್ಟು ಉದ್ದ ಎಂಬ ಲೆಕ್ಕವಿರುತ್ತದೆ. ಇಂದು ಜಗತ್ತಿನ ಬಹುತೇಕ ದೊಡ್ಡ ಗ್ರಂಥಾಲಯಗಳ ಸೂಚಿಗಳು ಈ ವಿನ್ಯಾಸದ ವಂಶದವು.

* * *

ಈಗ ಸಾರ್ಟ್ ಪ್ರೋಗ್ರಾಮಿನ ಕಡೆಗೆ ಬರೋಣ. ಕಂಪ್ಯೂಟರುಗಳ ಓಡುವ ಸಮಯದಲ್ಲಿ ಕಾಲುಭಾಗಕ್ಕೂ ಹೆಚ್ಚು ವಿಂಗಡಣೆಗೇ ಹೋಗುತ್ತಿದೆ ಎಂದು 1960ರ ದಶಕದ ತಯಾರಕರು ಅಂದಾಜಿಸಿದ್ದರೆಂದು ಡೊನಾಲ್ಡ್ ಕನೂತ್ 1973ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಷ್ಟು ಸಮಯ ನುಂಗುವ ಕೆಲಸವನ್ನು ತುಸು ಚುರುಕುಗೊಳಿಸಿದರೂ ಲಾಭ. ಅಮೆರಿಕದಲ್ಲಿ ಸಾಫ್ಟ್‌ವೇರಿಗೆ ಸಿಕ್ಕ ಮೊದಲ ಪೇಟೆಂಟ್ ಎಂದು ಹೆಸರಾದದ್ದು ಕೂಡ ಒಂದು ವಿಂಗಡಣೆಯ ವಿಧಾನಕ್ಕೇ. ಮಾರ್ಟಿನ್ ಗೆಟ್ಸ್ ಅದನ್ನು 1968ರ ಏಪ್ರಿಲ್‌ನಲ್ಲಿ ಪಡೆದರು. ಮುಂದೆ ಐಬಿಎಮ್‌ನ ಡಿಎಫ್‌ಸಾರ್ಟ್ ಮತ್ತು ಅದರ ಪ್ರತಿಸ್ಪರ್ಧಿ ಸಿಂಕ್‌ಸಾರ್ಟ್ ಮೇನ್‌ಫ್ರೇಮ್ ಲೋಕದಲ್ಲಿ ಮನೆಮಾತಾದವು.

ಇವುಗಳ ಗುಣವೇನೆಂದರೆ ದಾಖಲೆಗಳನ್ನು ಹೇಗೂ ಒಂದೊಂದಾಗಿ ಓದಿ, ಒಂದೊಂದಾಗಿ ಬರೆಯುತ್ತವೆ. ಹಾಗಿದ್ದ ಮೇಲೆ ಬರೆಯುವಾಗ ಅವುಗಳ ರೂಪವನ್ನೂ ಯಾಕೆ ಬದಲಿಸಬಾರದು? ಕ್ರಮೇಣ ಸಾರ್ಟ್ ಪ್ರೋಗ್ರಾಮುಗಳಿಗೆ ಆ ಆಜ್ಞೆಗಳು ಸೇರಿದವು. ವಿಂಗಡಿಸುವ ಮುನ್ನ ರೂಪ ಬದಲಿಸಲು ಇನ್‌ರೆಕ್, ವಿಂಗಡಿಸಿದ ಮೇಲೆ ಬದಲಿಸಲು ಔಟ್‌ರೆಕ್, ಒಂದೇ ಓದಿನಿಂದ ಹಲವು ಬಗೆಯ ಫೈಲು ತೆಗೆಯಲು ಔಟ್‌ಫಿಲ್. ಕೋಬಾಲ್‌ನಲ್ಲಿ ಹಲವು ಪುಟ ಬರೆಯಬೇಕಾದ ಕೆಲಸ ಎರಡು ಮೂರು ಸಾಲಿಗೆ ಇಳಿಯಿತು. ಎಷ್ಟರಮಟ್ಟಿಗೆ ಎಂದರೆ ವಿಂಗಡಿಸುವುದೇ ಬೇಡ, ಬಂದ ಕ್ರಮದಲ್ಲೇ ನಕಲು ಮಾಡಿ ರೂಪ ಮಾತ್ರ ಬದಲಿಸು ಎಂದು ಹೇಳಲು ಸಾರ್ಟ್‌ನಲ್ಲಿ ಕಾಪಿ ಎಂಬ ಆಜ್ಞೆಯೇ ಇದೆ.

ಒಂದು ಗ್ರಂಥಾಲಯದ ಫೈಲನ್ನು ಕಲ್ಪಿಸಿಕೊಳ್ಳಿ. ಪ್ರತಿ ದಾಖಲೆಯಲ್ಲಿ ಎಂಟು ಬೈಟ್‌ಗಳ ಪುಸ್ತಕ ಸಂಖ್ಯೆ, ಮೂವತ್ತು ಬೈಟ್‌ಗಳ ಲೇಖಕರ ಹೆಸರು, ಆಮೇಲೆ ಎಷ್ಟುದ್ದವಾದರೂ ಆಗಬಹುದಾದ ಶೀರ್ಷಿಕೆ. ದಾಖಲೆಯ ಮೊದಲ ನಾಲ್ಕು ಬೈಟ್‌ಗಳು ಉದ್ದದ ಲೆಕ್ಕಕ್ಕೆ ಮೀಸಲಾದ್ದರಿಂದ ಪುಸ್ತಕ ಸಂಖ್ಯೆ ಶುರುವಾಗುವುದು ಒಂದನೆಯ ಸ್ಥಾನದಿಂದಲ್ಲ, ಐದರಿಂದ. ಲೇಖಕರ ಹೆಸರು ಹದಿಮೂರರಿಂದ, ಶೀರ್ಷಿಕೆ ನಲವತ್ಮೂರರಿಂದ. ನಿಗದಿತ ಉದ್ದದ ಫೈಲುಗಳಲ್ಲಿ ಪಳಗಿದವರು ಮರೆಯುವುದು ಈ ನಾಲ್ಕನ್ನೇ. ಲೇಖಕರ ಹೆಸರು ಒಂಬತ್ತರಲ್ಲಿದೆ ಎಂದುಕೊಂಡರೆ ಪುಸ್ತಕ ಸಂಖ್ಯೆಯ ಅರ್ಧಭಾಗದ ಮೇಲೆ ವಿಂಗಡಣೆ ನಡೆಯುತ್ತದೆ. ಒಂದನೆಯ ಸ್ಥಾನದಿಂದ ವಿಂಗಡಿಸಲು ಹೇಳಿದರಂತೂ ದಾಖಲೆಗಳು ತಮ್ಮ ಉದ್ದದ ಪ್ರಕಾರ ಸಾಲಾಗಿ ನಿಲ್ಲುತ್ತವೆ, ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಂತ ಮಕ್ಕಳ ಹಾಗೆ. ಯಂತ್ರ ಗೊಣಗುವುದಿಲ್ಲ. ಫಲಿತಾಂಶ ನೋಡಿದವರಿಗೇ ಗೊತ್ತಾಗಬೇಕು.

ಲೇಖಕರ ಹೆಸರನ್ನು ಮುಂದಕ್ಕೆ, ಪುಸ್ತಕ ಸಂಖ್ಯೆಯನ್ನು ಅದರ ಹಿಂದಕ್ಕೆ ತರಬೇಕೆನ್ನಿ. ಹೊಸ ದಾಖಲೆಯ ವಿವರಣೆ ಆ ನಾಲ್ಕು ಬೈಟ್‌ಗಳಿಂದಲೇ ಶುರುವಾಗಬೇಕು. ಅವುಗಳನ್ನು ಬಿಟ್ಟರೆ ಪ್ರೋಗ್ರಾಮು ಮುಂದೆ ಹೋಗುವುದಿಲ್ಲ. ಅವುಗಳೊಳಗಿನ ಹೊಸ ಉದ್ದವನ್ನು ಅದೇ ಲೆಕ್ಕಹಾಕಿ ತುಂಬಿಕೊಳ್ಳುತ್ತದೆ. ಆಮೇಲೆ ಹದಿಮೂರರಿಂದ ಮೂವತ್ತು, ಐದರಿಂದ ಎಂಟು, ಕೊನೆಗೆ ನಲವತ್ಮೂರು. ಆ ಕೊನೆಯದರ ಮುಂದೆ ಉದ್ದ ಬರೆಯುವುದಿಲ್ಲ. ಬರೆಯದಿರುವುದಕ್ಕೇ ಅರ್ಥವಿದೆ: ಇಲ್ಲಿಂದ ಮುಂದೆ ಎಷ್ಟಿದೆಯೋ ಅಷ್ಟೂ. ಎಷ್ಟೆಂದು ಕೇಳದೆ ಇದ್ದಷ್ಟನ್ನೂ ಒಪ್ಪಿಕೊಳ್ಳುವ ಈ ಖಾಲಿ ಜಾಗ ಸಾರ್ಟ್ ಭಾಷೆಯ ಉದಾರ ನುಡಿಗಟ್ಟು.

ನಿಜವಾದ ಕಷ್ಟ ಬರುವುದು ಒಂದು ಜಾತಿಯಿಂದ ಇನ್ನೊಂದು ಜಾತಿಗೆ ದಾಟುವಾಗ. ಉದ್ದ ಬದಲಾಗುವ ದಾಖಲೆಗಳನ್ನು ನಿಗದಿತ ಉದ್ದಕ್ಕೆ ತರಬೇಕಾದರೆ ಗಿಡ್ಡ ದಾಖಲೆಗಳ ಬಾಲಕ್ಕೆ ಏನನ್ನಾದರೂ ತುಂಬಬೇಕು. ಏನನ್ನು ತುಂಬಬೇಕೆಂಬ ತೀರ್ಮಾನ ಮನುಷ್ಯನದು: ಖಾಲಿ ಜಾಗವೇ, ಸೊನ್ನೆಯೇ, ನಕ್ಷತ್ರಚಿಹ್ನೆಯೇ? ವಾಪಸು ಬರುವಾಗ ಕೊನೆಯ ತುಂಬುವಿಕೆಯನ್ನು ಕೆತ್ತಿ ತೆಗೆಯಬೇಕು. ಆದರೆ ಆ ಹೊತ್ತಿಗೆ ತುಂಬಿದ್ದು ಯಾವುದು, ಮೂಲದಲ್ಲೇ ಇದ್ದದ್ದು ಯಾವುದು ಎಂಬ ಗುರುತು ಅಳಿಸಿಹೋಗಿರುತ್ತದೆ. ಮೂಲ ದಾಖಲೆಯೇ ಎರಡು ನಕ್ಷತ್ರಗಳಿಂದ ಮುಗಿಯುತ್ತಿದ್ದರೆ ಅವೂ ಕೆತ್ತಿಹೋಗುತ್ತವೆ. ಉದ್ದವೂ ಒಂದು ಮಾಹಿತಿ ಎಂಬುದು ಗೊತ್ತಾಗುವುದು ಇಲ್ಲೇ. ಅದನ್ನು ಒಮ್ಮೆ ಎಸೆದರೆ ಉಳಿದ ಅಕ್ಷರಗಳಿಂದ ಅದನ್ನು ಮರಳಿ ಕಟ್ಟಲು ಯಾವಾಗಲೂ ಆಗುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ: ವಿಂಗಡಿಸಬೇಕಾದ ಅಂಶವೇ ಇಲ್ಲದ ಗಿಡ್ಡ ದಾಖಲೆಯನ್ನು ಏನು ಮಾಡುವುದು? ಫೋನ್ ಸಂಖ್ಯೆಯ ಜಾಗ ಆಮೇಲೆ ಸೇರಿದ ಫೈಲಿನಲ್ಲಿ ಹಳಬರ ದಾಖಲೆ ಆ ಸ್ಥಾನ ತಲುಪುವ ಮೊದಲೇ ಮುಗಿದಿರುತ್ತದೆ. ಡಿಎಫ್‌ಸಾರ್ಟ್ ಮೊದಲು ಮಾಡುವುದು ದಾಖಲೆ ತೀರ ಗಿಡ್ಡ ಎಂದು ದೂರಿ ಕೆಲಸ ನಿಲ್ಲಿಸುವುದು. ಪರವಾಗಿಲ್ಲ, ನಡೆಸು ಎಂದು ಒಂದು ಆಯ್ಕೆ ಕೊಟ್ಟರೆ ಇಲ್ಲದ ಬೈಟ್‌ಗಳನ್ನು ಸೊನ್ನೆಯೆಂದು ಭಾವಿಸುತ್ತದೆ, ಆ ಜನ ಪಟ್ಟಿಯ ತಲೆಯಲ್ಲಿ ಬಂದು ನಿಲ್ಲುತ್ತಾರೆ. ಅದೇ ಆಯ್ಕೆಯ ಅಡಿಯಲ್ಲಿ ಆಯ್ದು ತೆಗೆಯುವ ಷರತ್ತೂ ಇದ್ದರೆ, ಹೋಲಿಸಲು ಅಂಶವಿಲ್ಲದ ದಾಖಲೆ ಷರತ್ತಿಗೆ ಹೊಂದಲಿಲ್ಲವೆಂದು ಸದ್ದಿಲ್ಲದೆ ಹೊರಗುಳಿಯುತ್ತದೆ. ಮೊದಲನೆಯದು ಸಿಟ್ಟು ತರಿಸುವ ದಾರಿ. ಆದರೆ ಪಿಂಚಣಿಯದೋ ಪಡಿತರದ್ದೋ ಪಟ್ಟಿಯಾಗಿದ್ದರೆ ಕೂಗಿ ನಿಂತುಹೋಗುವ ಪ್ರೋಗ್ರಾಮೇ ಹೆಚ್ಚು ಪ್ರಾಮಾಣಿಕ. ಸದ್ದಿಲ್ಲದೆ ಹೊರಬಿದ್ದವನು ತಾನು ಪಟ್ಟಿಯಲ್ಲಿಲ್ಲ ಎಂದು ತಿಳಿಯುವುದು ಕಿಟಕಿಯ ಮುಂದೆ ನಿಂತಾಗಲೇ.

* * *

ಈ ಇತಿಹಾಸ ಬೆಂಗಳೂರಿಗೆ ಬಂದದ್ದು ಆ ಎರಡು ಕಾಲಮ್‌ಗಳ ದೆಸೆಯಿಂದ. ಕಾರ್ಡಿನ ಕಾಲದಲ್ಲಿ ಉಳಿಸಿದ ಇಸವಿಯ ಎರಡು ಅಂಕಿ ಟೇಪಿಗೆ, ಟೇಪಿನಿಂದ ಡಿಸ್ಕಿಗೆ, ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಹಾಗೆಯೇ ಸಾಗಿಬಂತು. 2000ನೆಯ ಇಸವಿ 00 ಎಂದು ದಾಖಲಾದರೆ ವಿಂಗಡಣೆಯಲ್ಲಿ ಅದು 99ಕ್ಕಿಂತ ಮೊದಲು ಬರುತ್ತದೆ. ನಿನ್ನೆಗಿಂತ ನಾಳೆ ಹಳೆಯದಾಗುತ್ತದೆ. ಪರಿಹಾರಗಳು ಎರಡಿದ್ದವು. ಇಸವಿಗೆ ನಾಲ್ಕು ಅಂಕಿ ಕೊಟ್ಟು ದಾಖಲೆಯನ್ನು ಹಿಗ್ಗಿಸುವುದು ಒಂದು. ಹಾಗೆ ಮಾಡಿದರೆ ಅದರ ಮುಂದಿನ ಪ್ರತಿ ಅಂಶದ ಸ್ಥಾನವೂ ಎರಡು ಹೆಜ್ಜೆ ಸರಿಯುತ್ತದೆ, ಆ ಫೈಲನ್ನು ಮುಟ್ಟುವ ಪ್ರತಿ ಪ್ರೋಗ್ರಾಮನ್ನೂ ತಿದ್ದಬೇಕಾಗುತ್ತದೆ. ಅಂಕಿ ಎರಡೇ ಇರಲಿ, ಓದುವ ಬಗೆ ಬದಲಾಗಲಿ ಎಂಬುದು ಇನ್ನೊಂದು. ಉದಾಹರಣೆಗೆ 50ರಿಂದ 99ರವರೆಗೆ ಬಂದರೆ 1900ರ ಶತಮಾನ, 00ಯಿಂದ 49ರವರೆಗೆ ಬಂದರೆ 2000ದ ಶತಮಾನ. ಶತಮಾನದ ಈ ಕಿಟಕಿಯನ್ನು ಅರ್ಥಮಾಡಿಕೊಂಡು ಎರಡಂಕಿಯ ಇಸವಿಗಳನ್ನು ಸರಿಯಾಗಿ ವಿಂಗಡಿಸುವ, ಬೇಕೆಂದರೆ ನಾಲ್ಕಂಕಿಗೆ ಹಿಗ್ಗಿಸಿ ಬರೆಯುವ ಆಜ್ಞೆಗಳು ಸಾರ್ಟ್ ಪ್ರೋಗ್ರಾಮಿಗೆ ಸೇರಿದವು.

ವೈ2ಕೆ ಎಂದು ಹೆಸರಾದ ಈ ರಿಪೇರಿ ಕೆಲಸ 1990ರ ದಶಕದ ಕೊನೆಯಲ್ಲಿ ಭಾರತದ ಸಾಫ್ಟ್‌ವೇರ್ ಕಂಪನಿಗಳಿಗೆ ಅಮೆರಿಕದ ಬ್ಯಾಂಕು, ವಿಮಾ ಸಂಸ್ಥೆಗಳ ಬಾಗಿಲು ತೆರೆಯಿತು. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಹಾಸನ, ಶಿವಮೊಗ್ಗ, ಧಾರವಾಡಗಳಿಂದ ಬಂದ ಎಷ್ಟೋ ಹುಡುಗ ಹುಡುಗಿಯರು ಕೆಲಸ ಕಲಿತದ್ದು, ತಾವು ಹುಟ್ಟುವ ಮೊದಲೇ ಯಾರೋ ಅಮೆರಿಕದಲ್ಲಿ ಬರೆದಿಟ್ಟ ದಾಖಲೆಗಳ ಸ್ಥಾನ ಎಣಿಸುತ್ತಾ. ಅಲ್ಲಿನ ರಾತ್ರಿ ನಮ್ಮ ಹಗಲು. ರಾತ್ರಿಯ ಬ್ಯಾಚ್ ಕೆಲಸಗಳು ಕೆಟ್ಟು ನಿಂತಾಗ ಎಚ್ಚರವಿದ್ದವರು ಇಲ್ಲಿಯವರು. ನಮ್ಮ ನಗರದ ಆ ದಶಕದ ಏಳಿಗೆಯ ಕಥೆಯಲ್ಲಿ ಗಾಜಿನ ಕಟ್ಟಡಗಳ ಹೆಸರು ಬರುತ್ತದೆ. ಬೇರೆಯವರು ಬಿಟ್ಟುಹೋದ ಎರಡು ಅಂಕಿಗಳನ್ನು ಹುಡುಕಿ ತುಂಬಿದ ದುಡಿಮೆಯ ಹೆಸರು ಬರುವುದು ಕಡಿಮೆ.

ಚೌಕಗಳ ಸಮಸ್ಯೆ ನಮ್ಮ ಲಿಪಿಗೂ ತಾಗುತ್ತದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತು. ಇಂದು ಹೆಚ್ಚು ಬಳಕೆಯಲ್ಲಿರುವ ಯುಟಿಎಫ್ 8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಅದು ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತ, ಹದಿನೈದು ಬೈಟ್. ಹತ್ತು ಬೈಟ್‌ಗಳ ಚೌಕಕ್ಕೆ ಅದನ್ನು ತುರುಕಿದರೆ ‘ಕನ್’ ಎಂಬುದರ ಮುಂದೆ ಅರ್ಥವಿಲ್ಲದ ಒಂದು ಬೈಟ್ ತೂಗಾಡುತ್ತದೆ. ಹಳೆಯ ಕಾರ್ಡಿನಷ್ಟೇ, ಅಂದರೆ 80 ಬೈಟ್ ಜಾಗ ಕೊಟ್ಟರೆ 26 ಸಂಕೇತ ಹಿಡಿಸೀತು. ರೋಮನ್ ಅಕ್ಷರಗಳಿಗೆ ಸಲೀಸಾಗಿದ್ದ ಅಳತೆ ನಮಗೆ ಬರುವ ಹೊತ್ತಿಗೆ ಮೂರರಲ್ಲೊಂದಾಗಿರುತ್ತದೆ. ಹೆಸರಿನ ಉದ್ದವನ್ನು ಹೆಸರೇ ಹೇಳಲಿ ಎಂಬ ಕ್ರಮದ ಬೆಲೆ ಗೊತ್ತಾಗಲು ನಮಗೆ ನಮ್ಮ ಹೆಸರೇ ಸಾಕು.

ಆದರೂ ಕಾರ್ಡು ಪೂರ್ತಿ ಹೋಗಿಲ್ಲ. ಉದ್ದ ಬದಲಾಗುವ ದಾಖಲೆಗಳನ್ನು ಹೇಗೆ ಮರುರೂಪಿಸಬೇಕೆಂದು ಡಿಎಫ್‌ಸಾರ್ಟ್‌ಗೆ ಹೇಳುವ ಆಜ್ಞೆಗಳನ್ನು ಇಂದಿಗೂ 80 ಕಾಲಮ್ಮಿನ ಸಾಲುಗಳಲ್ಲೇ ಬರೆಯುತ್ತಾರೆ. ಆಜ್ಞೆ 71ನೆಯ ಕಾಲಮ್ಮಿನೊಳಗೆ ಮುಗಿಯಬೇಕು, 72 ಮುಂದಿನ ಸಾಲಿಗೆ ದಾಟುವ ಗುರುತಿಗೆ. ಕೊನೆಯ ಎಂಟು ಕಾಲಮ್‌ಗಳನ್ನು ಯಂತ್ರ ಆಜ್ಞೆಯೆಂದು ಓದುವುದಿಲ್ಲ. ಕಾರ್ಡುಗಳ ಕಾಲದಲ್ಲಿ ಆ ಎಂಟರಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದರು. ಕಂತೆ ಕೈಜಾರಿ ನೆಲದ ಮೇಲೆ ಚೆಲ್ಲಿದರೆ ಬಾಚಿಕೊಂಡು ವಿಂಗಡಿಸುವ ಯಂತ್ರಕ್ಕೆ ಹಾಕಿ, ಬಲಗಡೆಯ ಕಾಲಮ್ಮಿನಿಂದ ಒಂದೊಂದಾಗಿ ಎಡಕ್ಕೆ ಸರಿಯುತ್ತಾ ಮತ್ತೆ ಜೋಡಿಸಿಕೊಳ್ಳಲೆಂದು. ಈಗ ಕಾರ್ಡೂ ಇಲ್ಲ, ಚೆಲ್ಲುವ ಕಂತೆಯೂ ಇಲ್ಲ. ಆ ಎಂಟು ಕಾಲಮ್‌ಗಳ ಜಾಗವನ್ನು ಮಾತ್ರ ಯಾರೂ ತೆಗೆದಿಲ್ಲ.